ಗುಡಿಸಲಿನ ವರ್ಷ ಮತ್ತು ಗೋದಕ್ಕನ ಸನ್ಮಾನ

ಹೋದ ಶ್ರಾವಣದಲ್ಲಿ ನನ್ನ ತಮ್ಮ ಹೊಸ ಮನೆಯ ವಾಸ್ತುಶಾಂತಿ ಇಟ್ಟುಕೊಂಡಿದ್ದ. ಈಚಿನ ಯುದ್ಧ ಮುಗಿದು ಸಿಮೆಂಟು ಮತ್ತೆ ಸಿಗತೊಡಗಿದ ಮೇಲೆ ಪುಣೆಯಲ್ಲಿ ನದಿಯಾಚೆಯ ಹೊಲಗಳೆಲ್ಲ ಬಂಗಲೆಗಳಾಗುತ್ತಿವೆ. ಅವನದೂ ಅದರಲ್ಲೊಂದು. ಮಳೆ ಬಂದೀತೆಂದು ಅಂಗಳಕ್ಕೆ ಬಿದಿರಿನ ತಟ್ಟಿಗಳ ಚಪ್ಪರ ಹಾಕಿಸಿ, ಸೋರದಿರಲೆಂದು ಅದಕ್ಕೆ ಡಾಂಬರು ಬಳಿಸಿದ್ದ. ಊಟಕ್ಕೆ ಕೂತಾಗ ಮಳೆ ಹಿಡಿಯಿತು. ನೆನೆದ ಬಿದಿರು, ಡಾಂಬರು, ಕಾಲ ಕೆಳಗಿನ ಕರಿಮಣ್ಣು, ಈ ಮೂರರ ವಾಸನೆ ಒಟ್ಟಿಗೇ ಬಂದಾಗ ಕಲಸಿದ ಅನ್ನ ಹಾಗೇ ಎಲೆಯ ಮೇಲೆ ಉಳಿಯಿತು.

"ಇಲ್ಲೇ ಸನಿಹ ಒಂದು ಭಾವಿ ಇತ್ತಲ್ಲೋ?" ಎಂದು ತಮ್ಮನನ್ನು ಕೇಳಿದೆ.

"ಇತ್ತಂತ. ಮುಚ್ಚಿ ಅದರ ಮ್ಯಾಲೆ ರಸ್ತಾ ಮಾಡ್ಯಾರ. ನಿನಗ ಹೆಂಗ ಗೊತ್ತು?" ಎಂದ.

ಅವನಿಗೆ ನೆನಪಿರಲು ಸಾಧ್ಯವಿಲ್ಲ. ಆ ವರ್ಷ ಅವನು ತೊಟ್ಟಿಲಲ್ಲಿದ್ದ. ಮಳೆಗಾಲದ ಕೊನೆಯಿಂದ ಮಾಘದವರೆಗೆ ಅವನ ತೊಟ್ಟಿಲನ್ನು ಇದೇ ಹೊಲದ ಒಂದು ಗುಡಿಸಲಿನ ಬಿದಿರ ತೊಲೆಗೆ ಕಟ್ಟಿತ್ತು.

ಆಗ ಹಿಂದಿನ, ಅಂದರೆ ಮೊದಲ, ಮಹಾಯುದ್ಧ ನಡೆದಿತ್ತು. ಧಾರವಾಡದಿಂದ ಬಂದ ನನ್ನ ಅಪ್ಪ ಲಷ್ಕರದ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನಾವಿದ್ದದ್ದು ಶನಿವಾರ ಪೇಟೆಯಲ್ಲಿ, ಹಲವು ಸಂಸಾರಗಳಿದ್ದ ಒಂದು ವಾಡೆಯಲ್ಲಿ. ನನಗೆ ಹದಿನಾಲ್ಕು. ಮದುವೆ ಮಾರ್ಗಶಿರಕ್ಕೆಂದು ಗೊತ್ತಾಗಿತ್ತು. ಚೌತಿಯ ಗಣಪತಿಯನ್ನು ಕಳಿಸಿದ ಕೆಲವೇ ದಿನಗಳಲ್ಲಿ ನಮ್ಮ ವಾಡೆಯ ಹಿತ್ತಲಲ್ಲಿ ಇಲಿ ಬಿತ್ತು. ನೀರು ಕಾಯಿಸುವ ಹಂಡೆಯ ಹತ್ತಿರ ಅದು ಕಾಲು ಚಾಚಿ ಸತ್ತುಬಿದ್ದದ್ದನ್ನು ಕಂಡವಳು ಅವ್ವ. ಆಕೆ ಕೂಗಲಿಲ್ಲ, ಕಿರುಚಲಿಲ್ಲ. ಒಳಗೆ ಬಂದು ಹಾಸಿಗೆ ಸುತ್ತತೊಡಗಿದಳು. ಪ್ಲೇಗು ಆ ಊರಿಗೆ ಹೊಸದಲ್ಲ. ಇಲಿ ಬಿದ್ದರೆ ಮನೆ ಬಿಡಬೇಕು, ಊರ ಹೊರಗೆ ಗುಡಿಸಲು ಹಾಕಬೇಕು, ಇದು ಕೂಸುಗಳಿಗೂ ಗೊತ್ತಿದ್ದ ಮಾತು. ಬರುವ ಬೀಗರು ಬರಲಿಲ್ಲ, ನನ್ನ ಮದುವೆ ಮುಂದೆ ಹೋಯಿತು. ಅದರಿಂದ ನನಗೇನೂ ದುಃಖವಾಗಲಿಲ್ಲ.

ನಮ್ಮ ಕಡೆಯ ಮಂದಿಗೆ ಹಿರಿಯರೆಂದರೆ ವಕೀಲ ಗುರುರಾಯರು. ಪುಣೆಯಲ್ಲೂ ಹುಬ್ಬಳ್ಳಿಯಲ್ಲೂ ಅವರಿಗೆ ಕಕ್ಷಿಗಾರರಿದ್ದರು, ತಿಂಗಳಿಗೊಮ್ಮೆ ರೈಲಿನಲ್ಲಿ ಓಡಾಡುತ್ತಿದ್ದರು. ನದಿಯಾಚೆಯ ಒಬ್ಬ ಮರಾಠಾ ರೈತನ ಹೊಲವನ್ನು ಅವರೇ ಮಾತಾಡಿ ಗೊತ್ತುಮಾಡಿ, ಕನ್ನಡದ ಮನೆಗಳಿಗೆಂದು ಒಂದು ಸಾಲು ಗುಡಿಸಲು ಹಾಕಿಸಿದರು. ಸುತ್ತಲಿನ ಮರಾಠಿ ಮಂದಿ ಅದನ್ನು "ಕಾನಡೀ ಆಳಿ", ಕನ್ನಡದವರ ಓಣಿ, ಎನ್ನುತ್ತಿದ್ದರು. ಯುದ್ಧದ ಕಾಲವಾದ್ದರಿಂದ ಅಪ್ಪನಂಥವರಿಗೆ ರಜೆ ಇರಲಿಲ್ಲ. ಗಂಡಸರು ಬೆಳಿಗ್ಗೆ ಕೊಡೆ ಹಿಡಿದು ಕೆಸರು ತುಳಿಯುತ್ತ ಕಚೇರಿಗೆ ಹೋಗುವರು. ಹಿಂದೆ ಉಳಿಯುವವರು ಹೆಂಗಸರು, ಮುದುಕರು, ಮಕ್ಕಳು, ಮತ್ತು ಮಳೆ.

ಗೋದಕ್ಕ ಬಂದದ್ದು ನಾವು ಬಂದ ಎರಡನೆಯ ವಾರ. ಅಪ್ಪನ ಕಚೇರಿಯಲ್ಲೇ ಇದ್ದ ಭೀಮರಾಯರ ಸೋದರ ಸೊಸೆ. ಇಪ್ಪತ್ತರ ಆಸುಪಾಸಿನ ವಯಸ್ಸು. ಉದ್ದನೆಯ ಕೈಗಳು, ಸ್ವಲ್ಪ ಒಡಕು ದನಿ. ಹುಬ್ಬಳ್ಳಿಯ ವೆಂಕಪ್ಪನವರ ಮನೆಗೆ ಕೊಟ್ಟಿದ್ದರು. ಎರಡು ವರ್ಷದಲ್ಲಿ ಗಂಡ ಇನ್ನೊಬ್ಬಳನ್ನು ಮಾಡಿಕೊಂಡು ಇವಳನ್ನು ತವರಿಗೆ ಕಳಿಸಿದ. ತವರಿನಲ್ಲಿ ತಾಯಿ ಇರಲಿಲ್ಲ. ಭೀಮರಾಯರು ಪುಣೆಗೆ ಕರೆತಂದು ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿಗೆ ಹಾಕಿದರು. ಮಾಸ್ತರಿಣಿಯಾಗಲು ಓದುತ್ತಿದ್ದಳು. ರೋಗ ಬಂದು ಕಾಲೇಜು ಮುಚ್ಚಿದ್ದರಿಂದ ಸೋದರಮಾವನ ಗುಡಿಸಲಿಗೆ ಬಂದಿದ್ದಳು. ಓಣಿಯಲ್ಲಿ ಅವಳ ಹೆಸರು ಹೇಳುತ್ತಿದ್ದವರು ಕಡಿಮೆ. "ಗಂಡ ಬಿಟ್ಟಾಕಿ" ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ಬಂದ ಮರುದಿನವೇ ಭಾವಿಯ ಹತ್ತಿರ ಜಗಳವಾಯಿತು. ನಮ್ಮ ಹೆಂಗಸರು ಭಾವಿಯ ದಂಡೆಯ ಮೇಲೇ ಭಾಂಡೆ ತಿಕ್ಕಿ ಬಟ್ಟೆ ಒಗೆಯುತ್ತಿದ್ದರು, ಆ ನೀರು ಮತ್ತೆ ಭಾವಿಗೇ ಇಳಿಯುತ್ತಿತ್ತು. ಗೋದಕ್ಕ ಸೀರೆಯ ನೆರಿಗೆ ಎತ್ತಿ ಕಟ್ಟಿ, ಒಗೆಯುವ ಕಲ್ಲನ್ನು ಒಬ್ಬಳೇ ಉರುಳಿಸತೊಡಗಿದಳು. ಓಣಿಗೆಲ್ಲ ಹಿರಿಯಳಾದ ತುಂಗಜ್ಜಿ ಅಲ್ಲೇ ಕೂತಿದ್ದಳು.

"ಏನವಾ ಇದು? ಯಾರನ ಕೇಳಿ ಕಲ್ಲು ಸರಸ್ಲಿಕ್ಕತ್ತೀ?"

"ಹೊಲಸ ನೀರು ಒಳಗ ಹೋಗ್ತದ, ಅಜ್ಜಿ. ಇದೇ ನೀರು ನಿಮ್ಮ ಮೊಮ್ಮಗ ಕುಡೀತಾನ."

"ಸಂಸಾರ ಮಾಡಿದವರಿಗೆ ನೀ ಹೇಳಿಕೊಡಬ್ಯಾಡ."

ಕಲ್ಲು ಅರ್ಧಕ್ಕೆ ನಿಂತಿತ್ತು. ಆಗ ಸೀತಿ ಹೋಗಿ ಇನ್ನೊಂದು ಬದಿಗೆ ಭುಜ ಕೊಟ್ಟಳು. ಸೀತಿ ನಮ್ಮ ಪಕ್ಕದ ಗುಡಿಸಲಿನ ಹಣಮಂತರಾಯರ ಮಗಳು, ನನ್ನ ಗೆಳತಿ. ಟಪಾಲು ಕಚೇರಿಯಲ್ಲಿದ್ದ ಹಣಮಂತರಾಯರು ಮನೆಯಲ್ಲಿ ಬಹಳ ಕಟ್ಟುನಿಟ್ಟು. ಅವರು ಹೊರಗೆ ಹೋದ ಕೂಡಲೆ ಸೀತಿ ಎರಡು ಕೊಡ ಹೊತ್ತು ಓಡುವಳು, ಕಂಡವರಿಗೆಲ್ಲ ಅಡ್ಡಹೆಸರು ಇಡುವಳು. ಅವಳು ಹೋದಳೆಂದು ನಾನೂ ಹೋದೆ. ಕಲ್ಲು ಹೊಲದ ಬದುವಿನವರೆಗೂ ಉರುಳಿತು.

ಹೀಗೆ ಶುರುವಾದದ್ದು ದಸರೆಯ ಹೊತ್ತಿಗೆ ಏಳೆಂಟು ಹುಡುಗಿಯರ ಗುಂಪಾಯಿತು. ಬೆಳಿಗ್ಗೆ ಒಬ್ಬೊಬ್ಬರು ನಾಲ್ಕಾರು ಗುಡಿಸಲುಗಳ ಬಾಗಿಲಿಗೆ ಹೋಗಿ ಯಾರಿಗಾದರೂ ಜ್ವರ ಇದೆಯೇ, ಬಗಲಲ್ಲಿ ತೊಡೆಸಂದಿಯಲ್ಲಿ ನೋವಿದೆಯೇ ಎಂದು ಕೇಳಿ ಬರಬೇಕು. ಆಮೇಲೆ ಕುಡಿಯುವ ನೀರು ಕಾಯಿಸಿ ಹಂಚಬೇಕು. ಮಧ್ಯಾಹ್ನ ಮಳೆ ಇಲ್ಲದಿದ್ದರೆ ಹುಣಸೆಮರದ ಕೆಳಗೆ ಸಣ್ಣ ಮಕ್ಕಳಿಗೆ ಓದು ಬರಹ. ಮಕ್ಕಳು ಒಂದೆಡೆ ಕೂತರೆ ಸತ್ತ ಇಲಿ ಮುಟ್ಟಲು ಹೋಗುವುದಿಲ್ಲ, ಅದಕ್ಕೇ ಈ ಶಾಲೆ ಎಂದು ಗೋದಕ್ಕ ನಮಗಷ್ಟೇ ಹೇಳಿದ್ದಳು. ಗಂಡಸರು ನಮ್ಮನ್ನು "ಗೋದಿಯ ಪಲ್ಟನ್ನು" ಎಂದು ನಗುತ್ತಿದ್ದರು. ಅವ್ವನಿಗೆ ಇದು ಹಿಡಿಸಲಿಲ್ಲ.

"ನಾಳೆ ಅತ್ತಿ ಮನಿಗೆ ಹೋಗೂ ಹುಡುಗಿ. ಮಂದಿ ಬಾಗಲಾ ತಿರಗತಾಳಂತ ಬೀಗರಿಗೆ ಗೊತ್ತಾದ್ರ?" ಎಂದು ಅಪ್ಪನ ಮುಂದೆ ದೂರಿದಳು.

ಅಪ್ಪ ಊಟ ಮಾಡುತ್ತಲೇ, "ಮೊದಲ ಬದುಕಿ ಉಳೀಲಿ, ಆಮ್ಯಾಲೆ ಬೀಗರ ಮಾತು" ಎಂದರು. ಅಪ್ಪನ ಕಚೇರಿಯಲ್ಲಿ ಆ ತಿಂಗಳು ಇಬ್ಬರು ಪ್ಲೇಗಿಗೆ ಹೋಗಿದ್ದರು.

ಸೂಜಿಯ ಮಾತು ಬಂದದ್ದು ಆಮೇಲೆ. ಪೇಟೆಯ ದವಾಖಾನೆಯಲ್ಲಿ ಪ್ಲೇಗಿನ ಸೂಜಿ ಹಾಕುತ್ತಿದ್ದರು. ಗಂಡಸರಲ್ಲಿ ಕೆಲವರು ಕಚೇರಿಯ ಒತ್ತಾಯಕ್ಕೆ ಹಾಕಿಸಿಕೊಂಡಿದ್ದರು. ಹೆಂಗಸರು ಮಾತ್ರ ಸುತರಾಂ ಒಪ್ಪಿರಲಿಲ್ಲ. ಸೂಜಿ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ ಎಂದು ಒಬ್ಬರು, ಸೂಜಿಯಿಂದಲೇ ರೋಗ ಬರುತ್ತದೆ ಎಂದು ಇನ್ನೊಬ್ಬರು. ಗೋದಕ್ಕ ಪೇಟೆಗೆ ಹೋಗಿ ಅಲ್ಲಿನ ಡಾಕ್ಟರೀಣಬಾಯಿಯನ್ನು, ಹೆಣ್ಣು ಡಾಕ್ಟರನ್ನು, ಕಂಡು ಓಣಿಗೇ ಬರುವಂತೆ ಒಪ್ಪಿಸಿ ಬಂದಳು. ಹೇಳಿದ ದಿನ ಡಾಕ್ಟರೀಣಬಾಯಿ ಟಾಂಗಾದಲ್ಲಿ ಬಂದಿಳಿದರು. ಹುಣಸೆಮರದ ಕೆಳಗೆ ಮೇಜು ಹಾಕಿ, ಸ್ಪಿರಿಟ್ ದೀಪ ಹಚ್ಚಿ, ಸೂಜಿ ಕುದಿಸಿದರು. ಸುತ್ತ ಹೆಂಗಸರೆಲ್ಲ ಸೆರಗು ಹೊದ್ದು ನಿಂತಿದ್ದರು. ಯಾರೂ ಮುಂದೆ ಬರಲಿಲ್ಲ.

"ಘಾಬರೂ ನಕಾ," ಹೆದರಬೇಡಿ, ಎಂದು ಆಕೆ ಮತ್ತೆ ಮತ್ತೆ ಹೇಳಿದರು.

"ನಿನಗೇನು ಹೆದರಿಕಿ? ನಿನಗ ಮಕ್ಕಳಾದ್ರೂ ಅಷ್ಟ, ಆಗದಿದ್ರೂ ಅಷ್ಟ" ಎಂದು ತುಂಗಜ್ಜಿ ಗೋದಕ್ಕನ ಮುಖಕ್ಕೇ ಹೇಳಿದಳು. ಹೆಂಗಸರಲ್ಲಿ ಒಬ್ಬಿಬ್ಬರು ತಲೆ ತಗ್ಗಿಸಿದರು. ಗೋದಕ್ಕ ಕುಪ್ಪಸದ ತೋಳು ಮೇಲೆ ಸರಿಸಿ ಮೇಜಿನ ಹತ್ತಿರ ಕೂತಳು. ಸೂಜಿ ಇಳಿಯುವಾಗ ಅವಳು ತುಂಗಜ್ಜಿಯನ್ನೇ ನೋಡುತ್ತಿದ್ದಳು.

ಆ ದಿನ ಬೇರೆ ಯಾರೂ ಹಾಕಿಸಿಕೊಳ್ಳಲಿಲ್ಲ. ಮರುದಿನ ಗೋದಕ್ಕನಿಗೆ ಜ್ವರ ಬಂತು. ಹಾಗೆ ಒಂದೆರಡು ದಿನ ಜ್ವರ ಬರುತ್ತದೆಂದು ಡಾಕ್ಟರೀಣಬಾಯಿ ಮೊದಲೇ ಹೇಳಿದ್ದರೂ ಓಣಿಯಲ್ಲೆಲ್ಲ "ನೋಡಿದ್ರೇನು? ರೋಗ ಬಂತು" ಎಂಬ ಮಾತು ಹಬ್ಬಿತು. ಅದು ಭೀಮರಾಯರ ಗುಡಿಸಲಿನವರೆಗೂ ಹೋಗಿರಬೇಕು. ಮಧ್ಯಾಹ್ನ ಗೋದಕ್ಕ ಕಂಬಳಿ ಹೊದ್ದು ನಡುಗುತ್ತ ಹೊರಗೆ ಬಂದಳು. ಎಲ್ಲರ ಕಣ್ಣಿಗೆ ಬೀಳುವಂತೆ ಭಾವಿಯ ಹತ್ತಿರದ ಕಟ್ಟೆಯ ಮೇಲೆ ಕೂತಳು. ಮರುದಿನವೂ ಕೂತಳು. ನೀರಿಗೆ ಬಂದವರೆಲ್ಲ ಅವಳನ್ನು ನೋಡಿಕೊಂಡೇ ಹೋಗಬೇಕಿತ್ತು. ಅದರ ಮರುದಿನ ಜ್ವರ ಬಿಟ್ಟಿತು. ಅವಳು ಕಂಬಳಿ ಮಡಿಸಿಟ್ಟು ಹಗ್ಗ ಹಿಡಿದು ನೀರು ಸೇದತೊಡಗಿದಳು.

ಡಾಕ್ಟರೀಣಬಾಯಿ ಮುಂದಿನ ವಾರ ಬಂದಾಗ ಮೊದಲು ಬಂದು ಕೂತವಳು ತುಂಗಜ್ಜಿಯೇ. "ನನಗಂತೂ ಇನ್ನ ಮಕ್ಕಳಾಗೂದು ಬ್ಯಾಡ" ಎಂದಳು. ಹೆಂಗಸರೆಲ್ಲ ನಕ್ಕರು. ಆ ನಗುವಿನಲ್ಲೇ ಸಾಲು ಬೆಳೆಯಿತು.

ಸೀತಿಯನ್ನು ಮಾತ್ರ ಹಣಮಂತರಾಯರು ಬಿಡಲಿಲ್ಲ. ಅವಳ ಮದುವೆ ಮಾಘಕ್ಕೆ ಗೊತ್ತಾಗಿತ್ತು. ತೋಳಿನ ಮೇಲೆ ಗುರುತು ಉಳಿದೀತು, ವರನ ಕಡೆಯವರು ಏನಾದರೂ ತಿಳಿದಾರು ಎಂದು ಅವರ ಚಿಂತೆ. ಸೂಜಿ ಇಲ್ಲದವರು ಮನೆ ಮನೆಗೆ ತಿರುಗುವಂತಿಲ್ಲ ಎಂದು ಗೋದಕ್ಕ ನಿಯಮ ಮಾಡಿದ್ದಳು. ಸೀತಿ ಅವಳ ಗುಡಿಸಲಿನ ಮುಂದೆ ಕೂತು ಅತ್ತಳು. "ಎಲ್ಲಾರೂ ಹೋಗ್ತಾರ, ನಾ ಒಬ್ಬಾಕಿ ಮನ್ಯಾಗ ಕೂಡ್ಲೇನು?" ಎಂದಳು. ಎರಡು ದಿನ ಗೋದಕ್ಕ ಒಪ್ಪಲಿಲ್ಲ, ಮೂರನೆಯ ದಿನ ಮನಸ್ಸು ಕರಗಿತು.

"ಬಾ. ಆದ್ರ ಯಾರ ಮನಿ ಒಳಗೂ ಹೋಗಂಗಿಲ್ಲ. ಬಾಗಲಾಗ ನಿಂತು ಕೇಳಿ ಬಾ, ಅಷ್ಟ."

ಸೀತಿ ಹಾಗೇ ಮಾಡುತ್ತಿದ್ದಳು. ದೀಪಾವಳಿ ಕಳೆದು, ಮಳೆ ನಿಂತು, ಬಿಳಿಯ ಬಿಸಿಲು ಬಿದ್ದ ಒಂದು ಬೆಳಿಗ್ಗೆ ಓಣಿಯ ಕೊನೆಯ ಗುಡಿಸಲಿನಲ್ಲಿ ಕೂಸು ಒಂದೇ ಸಮನೆ ಅಳುತ್ತಿತ್ತು. ಸೀತಿ ಬಾಗಿಲಲ್ಲಿ ನಿಂತು ಕೂಗಿದರೂ ಒಳಗಿನಿಂದ ತಾಯಿ ಏಳಲಿಲ್ಲ. ಸೀತಿ ಒಳಗೆ ಹೋಗಿ ಕೂಸನ್ನೆತ್ತಿಕೊಂಡು ಹೊರಗೆ ಬಂದಳು. ತಾಯಿ ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ಆ ತಾಯಿಯೂ ಕೂಸೂ ಇಬ್ಬರೂ ಉಳಿದರು. ಸೀತಿಗೆ ವಾರದೊಳಗೆ ಬಗಲಲ್ಲಿ ಗಡ್ಡೆ ಎದ್ದಿತು.

ಹೊಲದ ಆಚೆ ತುದಿಯಲ್ಲಿ ರೋಗಿಗಳಿಗೆಂದು ಹಾಕಿದ್ದ ಗುಡಿಸಲಿನಲ್ಲಿ ಸೀತಿಯ ಅವ್ವ ಮತ್ತು ಗೋದಕ್ಕ ಅವಳ ಹತ್ತಿರ ಇದ್ದರು. ನಮ್ಮನ್ನು ಬದು ದಾಟಲು ಬಿಡಲಿಲ್ಲ. ನಾವು ಗಂಜಿಯ ಪಾತ್ರೆ ಬದುವಿನ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದೆವು. ಗೋದಕ್ಕ ಬಂದು ಒಯ್ಯುತ್ತಿದ್ದಳು. ಒಂದು ದಿನ ಪಾತ್ರೆ ಇಟ್ಟೆವು, ಅವಳು ಬಂದಳು, ಆದರೆ ಎತ್ತಿಕೊಳ್ಳಲಿಲ್ಲ. ಹಾಗೇ ನಿಂತಳು. ನಮಗೆ ತಿಳಿಯಿತು.

ಆ ಸಂಜೆ ಹಣಮಂತರಾಯರು ಭೀಮರಾಯರ ಗುಡಿಸಲಿನ ಮುಂದೆ ಬಂದು ನಿಂತರು. "ನಿನ್ನ ದೊಡ್ಡಸ್ತಿಕಿ ಸಲುವಾಗಿ ನನ್ನ ಮಗಳು ಹೋದಳು" ಎಂದರು. ಇನ್ನೂ ಏನೇನೋ ಅಂದರು. ಅವರನ್ನು ಅಪ್ಪ ಕೈಹಿಡಿದು ಕರೆದುಕೊಂಡು ಹೋದರು.

ಆಮೇಲೆ ಗೋದಕ್ಕ ಹೊರಗೆ ಬರಲಿಲ್ಲ. ಹುಣಸೆಮರದ ಕೆಳಗೆ ಮಕ್ಕಳು ಒಂದೆರಡು ದಿನ ಬಂದು ಕೂತು ಎದ್ದು ಹೋದರು. ನಾವು ನೀರು ಕಾಯಿಸುವುದನ್ನೂ ಬಿಟ್ಟೆವು. ಕೆಲವು ಹೆಂಗಸರು ಮತ್ತೆ ಭಾವಿಯ ದಂಡೆಯ ಮೇಲೆ ಭಾಂಡೆ ಇಟ್ಟರು. ಹನ್ನೆರಡು ದಿನ ಕಳೆದ ಮೇಲೆ ಸೀತಿಯ ಅವ್ವ ಭೀಮರಾಯರ ಗುಡಿಸಲಿಗೆ ಹೋದಳು. ನಾನು ಭಾವಿಯ ಹತ್ತಿರವಿದ್ದೆ. ತಟ್ಟಿಯ ಗೋಡೆಗೆ ಮಾತು ತಡೆಯುವ ಶಕ್ತಿ ಇರುವುದಿಲ್ಲ.

"ಗೋದಾ, ಅವರು ಸೂಜಿ ಬ್ಯಾಡ ಅಂದ್ರು. ನಾ ಸುಮ್ಮನಿದ್ದೆ. ನೀ ಆಕಿನ್ನ ಕೆಲಸಕ್ಕ ಬ್ಯಾಡ ಅನಬೇಕಾಗಿತ್ತು, ಅನಲಿಲ್ಲ. ಮೂರೂ ಮಂದಿ ತಪ್ಪಿದ್ವಿ."

"ಹೌದ್ರಿ, ಮೌಶಿ" ಎಂದಳು ಗೋದಕ್ಕ.

"ಆಕಿ ಕೊಡ ಹೊರಗ ಬಿದ್ದದ. ಯಾರರ ನೀರು ಹೊರಬೇಕಲ್ಲ? ಏಳು."

ಮರುದಿನ ಗೋದಕ್ಕ ಬಂದಳು. ದನಿ ಇನ್ನಷ್ಟು ಒಡೆದಿತ್ತು. ನಮ್ಮೆಲ್ಲರ ತೋಳು ತಾನೇ ನೋಡಿ, ಒಬ್ಬೊಬ್ಬರನ್ನೇ ಕೆಲಸಕ್ಕೆ ಕಳಿಸಿದಳು. ಆ ವಾರವೇ ಹಣಮಂತರಾಯರೂ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಂಡು ಬಂದರು. ಯಾರಿಗೂ ಹೇಳಲಿಲ್ಲ. ಎರಡು ದಿನ ಜ್ವರದಿಂದ ಮಲಗಿದ್ದರಿಂದ ಓಣಿಗೆ ಗೊತ್ತಾಯಿತು.

ಚಳಿ ಹೆಚ್ಚಿದಂತೆ ಊರಿನಿಂದ ಸಾವಿನ ಸುದ್ದಿ ಕಡಿಮೆಯಾಗುತ್ತ ಬಂತು. ಸಂಕ್ರಾಂತಿಯ ಹೊತ್ತಿಗೆ ಮನೆಗಳಿಗೆ ಸುಣ್ಣ ಹೊಡೆಸಲು ಗಂಡಸರು ಪೇಟೆಗೆ ಓಡಾಡತೊಡಗಿದರು. ನಮ್ಮ ಓಣಿಯಲ್ಲಿ ಸೀತಿಯ ಹೊರತು ಮತ್ತೆ ಇಬ್ಬರು ತೀರಿಕೊಂಡಿದ್ದರು. ಸುತ್ತಲಿನ ಬೇರೆ ಓಣಿಗಳಲ್ಲಿ ಎಷ್ಟೋ ಹೆಚ್ಚು. ಇದಕ್ಕೆ ಕಾರಣ ಯಾರೆಂಬುದನ್ನು ಈಗ ಎಲ್ಲರೂ ಹೇಳುತ್ತಿದ್ದರು, ಹಿಂದೆ ಪಲ್ಟನ್ನು ಎಂದು ನಕ್ಕವರೂ ಹೇಳುತ್ತಿದ್ದರು. ವಕೀಲ ಗುರುರಾಯರು ರಥಸಪ್ತಮಿಯ ದಿನ ಸಭೆ ಎಂದು ಸಾರಿದರು. ಗುಡಿಸಲು ಬಿಚ್ಚುವ ಮೊದಲು, ಅದೇ ಹೊಲದಲ್ಲಿ, ಗೋದಾವರಿಗೆ ಒಂದು ಇಳಕಲ್ಲ ಸೀರೆ, ಬೆಳ್ಳಿಯ ಕುಂಕುಮ ಭರಣಿ. ನಮಗೆಲ್ಲ ಒಂದೊಂದು ತಾಮ್ರದ ತಂಬಿಗೆ. ಹೆಣ್ಣುಮಗಳೊಬ್ಬಳಿಗೆ ನಾಲ್ಕು ಮಂದಿಯ ಮುಂದೆ ಸನ್ಮಾನ ಮಾಡುವುದನ್ನು ನಾವು ಅದಕ್ಕೂ ಮೊದಲು ಕೇಳಿರಲಿಲ್ಲ.

ಗೋದಕ್ಕ ಬೇಡವೆಂದಳು. "ಸೀತಿ ಹೋದ ಓಣಿಯೊಳಗ ನನಗ ಸೀರಿ ಯಾಕ, ಮಾಮಾ?" ಎಂದಳಂತೆ. ಹಿರಿಯರ ಮಾತು ಮೀರಬಾರದೆಂದು ಭೀಮರಾಯರು ಒಪ್ಪಿಸಿದರು.

ಸಭೆಗೆ ಹುಣಸೆಮರದ ಕೆಳಗೆ ಜಮಖಾನೆ ಹಾಸಿದ್ದರು. ಗುರುರಾಯರ ಪಕ್ಕದಲ್ಲಿ ದೊಡ್ಡ ರುಮಾಲಿನ, ನಾವು ಕಾಣದ ಒಬ್ಬ ಹಿರಿಯರು ಕೂತಿದ್ದರು. ಗೋದಕ್ಕ ಬಂದವಳು ಅವರನ್ನು ನೋಡಿ ಅಲ್ಲೇ ನಿಂತಳು. ಮತ್ತೆ ನಡೆದು ಬಂದು ನಮ್ಮ ಸಾಲಿನಲ್ಲಿ ಕೂತಳು. ಗುರುರಾಯರು ಚೆನ್ನಾಗಿ ಮಾತಾಡಿದರು. ಭಾವಿಯ ಕಲ್ಲಿನಿಂದ ಹಿಡಿದು ಎಲ್ಲವನ್ನೂ ಹೇಳಿದರು, ಸೀತಿಯ ಹೆಸರನ್ನೂ ಬಿಡಲಿಲ್ಲ. ಕೊನೆಗೆ ಹೇಳಿದರು:

"ಸೀರಿ ಭರಣಿ ದೊಡ್ಡ ಮಾತಲ್ಲ. ಈ ಹುಡುಗಿಗೆ ಖರೇ ಸನ್ಮಾನ ಅಂದ್ರ ಆಕಿ ಮನಿ ಆಕಿಗೆ ಸಿಗೂದು. ಹೋದ ತಿಂಗಳು ಹುಬ್ಬಳ್ಳಿಗೆ ಹೋದಾಗ ನಾ ಎಲ್ಲಾ ಹೇಳಿದೆ. ಆಕಿ ಮಾವ ವೆಂಕಪ್ಪನವರು ಸ್ವತಃ ಬಂದಾರ. ಅವರ ಕೈಯಿಂದನ ಸೀರಿ ಕೊಡಸ್ತೀವಿ. ಸೊಸಿನ್ನ ಕರಕೊಂಡು ಹೋಗ್ತಾರ."

ಚಪ್ಪಾಳೆ ಬಿತ್ತು. ಹೆಂಗಸರ ಕಡೆಯಲ್ಲಿ ಹಲವರು ಕಣ್ಣೊರೆಸಿಕೊಂಡರು. ನನ್ನ ಅವ್ವನೂ ಒರೆಸಿಕೊಂಡಳು. ಗುರುರಾಯರು ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಹೆಣ್ಣಿಗೆ ಕೊಡಬಹುದಾದ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಅವರು ನಂಬಿದ್ದರೋ ಅದನ್ನೇ ಹುಡುಕಿ ತಂದಿದ್ದರು. ಅವರ ಮುಖದಲ್ಲಿ ಮಗಳ ಮದುವೆ ಮಾಡಿದ ತಂದೆಯ ತೃಪ್ತಿ ಇತ್ತು.

ವೆಂಕಪ್ಪನವರು ಸೀರೆಯ ತಟ್ಟೆ ಹಿಡಿದು ಎದ್ದರು. ಗೋದಕ್ಕ ಹೋಗಿ ಅವರ ಕಾಲಿಗೆ ನಮಸ್ಕಾರ ಮಾಡಿದಳು. ಎದ್ದು ನಿಂತಳು, ಆದರೆ ತಟ್ಟೆಗೆ ಕೈ ಚಾಚಲಿಲ್ಲ.

"ಅಲ್ಲಿ ತುಳಸಿ ಹೆಂಗಿದ್ದಾಳ್ರಿ?" ಎಂದು ಕೇಳಿದಳು. ತುಳಸಿ ಎಂದರೆ ಗಂಡ ಆಮೇಲೆ ಮಾಡಿಕೊಂಡವಳು.

ವೆಂಕಪ್ಪನವರು ಆ ಪ್ರಶ್ನೆ ನಿರೀಕ್ಷಿಸಿರಲಿಲ್ಲ. "ಇದ್ದಾಳ. ಬಾಣಂತನ ಆದಾಗಿಂದ ಹಾಸಿಗಿ ಹಿಡಿದಾಳ. ಕೂಸು ಉಳೀಲಿಲ್ಲ. ಮನಿಯೊಳಗ ನೋಡಿಕೊಳ್ಳೋರು ಇಲ್ಲ. ಅದಕ್ಕ..." ಎಂದು ನಿಂತರು.

"ಡಾಕ್ಟರಿಗೆ ತೋರಿಸೀರೇನ್ರಿ?"

"ಹೆಣ್ಣಮಕ್ಕಳ ಬ್ಯಾನಿ. ಡಾಕ್ಟರು ಗಂಡಸು. ಹೆಂಗ ತೋರಸೂದು?"

ಮರದಲ್ಲಿ ಗಿಳಿಗಳ ಗದ್ದಲವಷ್ಟೇ ಇತ್ತು.

"ಆಕಿನ್ನ ಇಲ್ಲಿಗೆ ಕಳಸ್ರಿ," ಎಂದಳು ಗೋದಕ್ಕ. "ಇಲ್ಲಿ ಡಾಕ್ಟರೀಣಬಾಯಿ ಇದ್ದಾರ. ನಾ ಮುಂದ ನಿಂತು ತೋರಸ್ತೀನಿ, ಆರಾಮ ಆಗೂತನಕ ನೋಡ್ಕೋತೀನಿ. ಆದ್ರ ನಾ ಅಲ್ಲಿಗೆ ಬರಂಗಿಲ್ಲ, ಮಾವನವರ. ಜೂನಿನಾಗ ನನ್ನ ಪರೀಕ್ಷಾ ಅದ."

ಗುರುರಾಯರು ಎದ್ದು ನಿಂತರು. "ಗೋದಾ, ಹಿರಿಯರು ಮನಿ ಬಾಗಲಿಗೆ ಬಂದಾರ. ಇಷ್ಟು ಮಂದಿ ಮುಂದ ಅವರ ಮಾನ ಕಳೀತೀ ಏನು? ನನ್ನ ಮಾನ?"

"ನೀವು ನನ್ನ ಮೊದಲ ಒಂದು ಮಾತು ಕೇಳಿದ್ರ ಯಾರ ಮಾನಾನೂ ಹೋಗ್ತಿರಲಿಲ್ರಿ, ವಕೀಲರ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಅವರಿಗೂ ನಮಸ್ಕಾರ ಮಾಡಿ ಅವಳು ಭಾವಿಯ ಕಡೆಗೆ ನಡೆದಳು. ನಾವು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಂಬಿಗೆಗಳು ತಟ್ಟೆಯಲ್ಲೇ ಇದ್ದವು, ಅವನ್ನು ಕೊಡುವುದು ಯಾರಿಗೂ ನೆನಪಾಗಲಿಲ್ಲ. ವೆಂಕಪ್ಪನವರು ಸೀರೆಯ ತಟ್ಟೆ ಕೆಳಗಿಟ್ಟರು. ಗುರುರಾಯರ ಹೆಂಡತಿ ಅದನ್ನೆತ್ತಿ, ಸೀರೆಯ ಮೇಲೆ ಬಿದ್ದಿದ್ದ ಹುಣಸೆ ಎಲೆಗಳನ್ನು ಕೊಡವಿ, ಮಡಿಕೆ ಸರಿಮಾಡಿ ಪೆಟ್ಟಿಗೆಯಲ್ಲಿಟ್ಟರು.

ಅದಾಗಿ ವಾರದಲ್ಲಿ ಗುಡಿಸಲು ಬಿಚ್ಚಿ ಎಲ್ಲರೂ ಊರೊಳಗೆ ಬಂದೆವು. ಗುರುರಾಯರು ಭೀಮರಾಯರ ಕೂಡ ಮಾತು ಬಿಟ್ಟರು. ಗೋದಕ್ಕನನ್ನು ಹೊಗಳಿದವರೇ ಈಗ ಅವಳಿಗೆ ಸೊಕ್ಕು ಎಂದರು. ನನ್ನ ಅವ್ವ ಎರಡೂ ಮಾತು ಆಡಿದಳು. ಚೈತ್ರದಲ್ಲಿ ಸೀತಿಯ ಅವ್ವ ತನ್ನ ಮನೆಯ ಗೌರಿಗೆ ಅರಿಶಿನ ಕುಂಕುಮಕ್ಕೆ ಕರೆದಳು. ಮಗಳು ಹೋದ ವರ್ಷ, ಬರುವವರಿಗೂ ಮುಜುಗರ. ಆದರೂ ಹೋದೆವು. ಗೋದಕ್ಕ ಬಾಗಿಲ ಹತ್ತಿರ ಕೂತಿದ್ದಳು. ಸೀತಿಯ ಅವ್ವ ಕುಂಕುಮದ ಬಟ್ಟಲು ಹಿಡಿದು, ವಾಡಿಕೆಯಂತೆ ಮುತ್ತೈದೆಯರಲ್ಲಿ ಹಿರಿಯಳಾದ ತುಂಗಜ್ಜಿಯ ಸೊಸೆಯಿಂದ ಶುರುಮಾಡದೆ, ಎಲ್ಲರನ್ನೂ ದಾಟಿ ಬಾಗಿಲವರೆಗೆ ಹೋಗಿ ಗೋದಕ್ಕನ ಹಣೆಗೆ ಮೊದಲು ಹಚ್ಚಿದಳು. ಒಳಗಿನ ಕೋಣೆಯಲ್ಲಿ ಹಣಮಂತರಾಯರು ಕೆಮ್ಮಿದ್ದು ಕೇಳಿಸಿತು.

ಬೇಸಿಗೆಯಲ್ಲಿ ತುಳಸಿ ನಿಜವಾಗಿಯೂ ಬಂದಳು. ಅವಳ ಅಣ್ಣ ಕರೆತಂದು ಭೀಮರಾಯರ ಮನೆಯಲ್ಲಿ ಬಿಟ್ಟು ಹೋದ. ಹದಿನೇಳು ವರ್ಷದವಳು, ಕೈಯೆಲ್ಲ ಕಡ್ಡಿಯಾಗಿತ್ತು. ಡಾಕ್ಟರೀಣಬಾಯಿಯ ಔಷಧ ಎರಡು ತಿಂಗಳು ನಡೆಯಿತು. ಗೋದಕ್ಕ ಪುಸ್ತಕ ತೊಡೆಯ ಮೇಲಿಟ್ಟುಕೊಂಡೇ ಅವಳಿಗೆ ಗಂಜಿ ಕುಡಿಸುತ್ತಿದ್ದಳು. ಒಂದು ಮಧ್ಯಾಹ್ನ ನಾನು ಹೋದಾಗ ತುಳಸಿ ಎದ್ದು ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳು.

"ಅಕ್ಕಾ, ನೀವು ಬರಂಗಿಲ್ಲ ಅಂದ್ರಂತ. ಮನಿಯೊಳಗ ಭಾಳ ಬೈದ್ರು ನಿಮ್ಮನ್ನ" ಎಂದಳು.

"ನೀನೂ ಬೈದೀ ಏನು?"

"ಇಲ್ಲ. ನೀವು ಬಂದಿದ್ರ ನನ್ನ ಯಾರು ಇಲ್ಲಿಗೆ ಕಳಸ್ತಿದ್ರು?"

ಗೋದಕ್ಕ ಅವಳ ಕೂದಲಿನ ಸಿಕ್ಕು ಬಿಡಿಸುತ್ತಲೇ ಇದ್ದಳು. ತುಳಸಿ ಗುಣವಾಗಿ ಹುಬ್ಬಳ್ಳಿಗೆ ಮರಳಿದಳು. ಗೋದಕ್ಕ ಪರೀಕ್ಷೆ ಪಾಸಾಗಿ ಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಸೇರಿದಳು.

ಮುಂದಿನ ವರ್ಷವೂ ಮಳೆಗಾಲದ ಕೊನೆಗೆ ಊರಿನಲ್ಲಿ ರೋಗದ ಸುದ್ದಿ ಎದ್ದಿತು. ಇನ್ನೂ ನಮ್ಮ ಪೇಟೆಗೆ ಬಂದಿರಲಿಲ್ಲ. ನನ್ನ ಮದುವೆ ಆಗಲೂ ಆಗಿರಲಿಲ್ಲ. ಗೋದಕ್ಕನ ಶಾಲೆ ಬಿಡುವ ಹೊತ್ತಿಗೆ ಹೋಗಿ ಅವಳ ಜೊತೆ ಮನೆಗೆ ಬರುವುದು ನನ್ನ ರೂಢಿಯಾಗಿತ್ತು. ಆ ದಿನ ಹೋದಾಗ ಜಿನುಗು ಮಳೆ. ಶಾಲೆಯ ಮೆಟ್ಟಿಲ ಹತ್ತಿರ ವಕೀಲ ಗುರುರಾಯರು ಕೊಡೆ ಹಿಡಿದು ನಿಂತಿದ್ದರು. ಜೊತೆಗೆ ಅವರ ಮಗಳು ಇಂದಿರೆ, ಹದಿಮೂರರವಳು. ಗೋದಕ್ಕ ಮೆಟ್ಟಿಲಿಳಿದು ಬಂದಳು. ಇಬ್ಬರೂ ಮಾತಾಡಿ ಏಳೆಂಟು ತಿಂಗಳಾಗಿತ್ತು.

ಗುರುರಾಯರು ಒಂದು ಹೆಜ್ಜೆ ಮುಂದೆ ಬಂದರು. "ಗೋದಾವರೀಬಾಯಿ," ಎಂದರು. ಹಾಗೆ ಅವರು ಹಿಂದೆಂದೂ ಕರೆದಿರಲಿಲ್ಲ. "ಈ ಸಲ ಎಲ್ಲಿ ಗುಡಸಲ ಹಾಕೂಣ್ರಿ? ನೀವು ಹೇಳಿದ್ರ ಹೊಲ ಗೊತ್ತು ಮಾಡ್ತೀನಿ."

ಗೋದಕ್ಕ ಮಳೆಗೆ ಸೆರಗು ಹೊದ್ದಳು. "ಮೊದಲ ಭಾವಿ ನೋಡೂಣ್ರಿ, ಆಮ್ಯಾಲೆ ಹೊಲ. ನಾಳೆ ಶಾಲಿ ಬಿಟ್ಟ ಮ್ಯಾಲೆ ಬರ್ತೀನಿ."

"ಆಗಲ್ರಿ. ಮತ್ತ ಈಕಿ..." ಮಗಳನ್ನು ಮುಂದೆ ನೂಕಿದರು. "ನಿಮ್ಮ ಕೂಡ ಕೆಲಸಾ ಮಾಡ್ತೀನಂತಾಳ."

ಇಂದಿರೆ ನಾಚಿ ನೆಲ ನೋಡಿದಳು. ಗೋದಕ್ಕ ಬಾಗಿ ಅವಳ ಕುಪ್ಪಸದ ತೋಳನ್ನು ಮೇಲೆ ಸರಿಸಿ ನೋಡಿದಳು. ಸೂಜಿಯ ಗುರುತು ಇರಲಿಲ್ಲ.

"ಇನ್ನೂ ಹಾಕ್ಸಿಲ್ಲೇನ್ರಿ?"

"ಹಾಕಸ್ತೀವ್ರಿ. ದಸರಾ ಆಗಲಿ ಅಂತ ಆಕಿ ತಾಯಿ..."

"ಹಂಗಾರ ದಸರಾ ಆದ ಮ್ಯಾಲೆ ಕಳಸ್ರಿ. ಸೂಜಿ ಆಗದ ನಾ ಯಾರನ್ನೂ ಕರಕೊಳ್ಳಂಗಿಲ್ಲ. ಯಾರ ಮಗಳಿದ್ರೂ."

ಶಾಲೆಯ ಮೇಲಿನ ತರಗತಿಗಳ ಗಂಟೆಯೂ ಬಾರಿಸಿತು, ಹುಡುಗಿಯರು ಗದ್ದಲ ಮಾಡುತ್ತ ನಮ್ಮ ನಡುವೆ ನುಗ್ಗಿ ಹೋದರು. ದಾರಿ ತೆರವಾದಾಗ ಗುರುರಾಯರು ಕೊಡೆಯನ್ನು ಮಗಳ ಮೇಲೆ ವಾಲಿಸಿ, ಮನೆಯ ಕಡೆ ಹೋಗುವ ಬೀದಿಯನ್ನು ಬಿಟ್ಟು, ದವಾಖಾನೆಯ ಬೀದಿಗೆ ತಿರುಗಿದರು.